ಅಕ್ಕನ ನಿದ್ದೆ, ನನ್ನ ವಿಮರ್ಶೆ

ಆ ಸಿನಿಮಾದ ಕೊನೆಯನ್ನು ನಾನು ನೋಡಲಿಲ್ಲ. ಆದರೂ ಅದರ ಮೇಲೆ ಎಂಟು ಪುಟ ಬರೆದೆ. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಇಂಥ ಧೈರ್ಯಕ್ಕೇನೂ ಬರ ಇರುವುದಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಶಿಕಾರಿಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ನಾನೇ. ಆ ಜಂಬ ನನ್ನ ಮೂಗಿನ ತುದಿಯಲ್ಲಿ ಕೋಪದ ಜೊತೆ ಜಾಗ ಹಂಚಿಕೊಂಡು ಕೂತಿತ್ತು. ಒಂಟಿ ಹೆಣ್ಣಿಗೆ ರೂಮು ಕೊಡಲು ಊರಲ್ಲಿ ಯಾರೂ ಒಪ್ಪಲಿಲ್ಲ. ಕೊನೆಗೆ ಕೊಟ್ಟವರು ಪಾತ್ರೆಗಳಿಗೆ ಕಲಾಯಿ ಹಾಕುವ ಒಬ್ಬ ಸಾಬರು. ಬೀದಿಗೆ ಬಾಗಿಲಿದ್ದ ಮುಂದಿನ ರೂಮು ನನ್ನದು. ಹಿಂದಿನ ಭಾಗದಲ್ಲಿ ಅವರು, ಅವರ ಹೆಂಡತಿ, ಆರು ಮಕ್ಕಳು. ಆ ಹೆಂಗಸನ್ನು ನಾನು ಅವರ ಉರ್ದುವಿನಲ್ಲೇ ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದೆ, ಅವರು ನನ್ನನ್ನು ಟೀಚರಮ್ಮ ಅನ್ನುತ್ತಿದ್ದರು. ನನ್ನ ಒಲೆ ಹೊತ್ತದ ದಿನ ಅವರ ಮನೆಯ ರೊಟ್ಟಿ ನನ್ನ ರೂಮಿಗೆ ಬರುತ್ತಿತ್ತು, ಕೇಳದೆಯೇ.

ನನ್ನ ಅಕ್ಕನನ್ನು ಸೊರಬ ತಾಲ್ಲೂಕಿಗೆ ಕೊಟ್ಟಿದ್ದರು, ಕುಪ್ಪಗಡ್ಡೆಯಿಂದ ಒಂದು ಮೈಲಿ ನಡೆದರೆ ಸಿಗುವ ಹಳ್ಳಿಗೆ. ನನಗಿಂತ ಐದು ವರ್ಷ ದೊಡ್ಡವಳು. ನಾಲ್ಕು ಮಕ್ಕಳು, ಕೊನೆಯದಕ್ಕೆ ಆಗ ಹತ್ತು ತಿಂಗಳು. ಅವ್ವ ತೀರಿಕೊಂಡ ಮೇಲೆ ತಾಳಗುಂದದ ನಮ್ಮ ಮನೆ ಅಣ್ಣ ಅತ್ತಿಗೆಯರದ್ದಾಯಿತು. ಅಕ್ಕ ಅಲ್ಲಿಗೆ ಹೋದರೆ ಅತ್ತಿಗೆ ಕಾಫಿ ಕೊಟ್ಟು, ಹಿಂದೆಯೇ ಮೊರ ಕೊಟ್ಟು ಭತ್ತ ಕೇರಲು ಕೂರಿಸುತ್ತಿದ್ದಳು. ಹಾಗಾಗಿ ಅಕ್ಕನಿಗೆ ತವರು ಅಂದರೆ ಉಳಿದದ್ದು ಬೀದಿ ಬದಿಯ ನನ್ನ ರೂಮು.

ತಿಂಗಳಿಗೊಮ್ಮೆ, ಸಂತೆಯ ದಿನ, ಮಗುವನ್ನು ಡಾಕ್ಟರಿಗೆ ತೋರಿಸುವ ನೆಪ ಹೇಳಿ ಎರಡು ಬಸ್ಸು ಬದಲಿಸಿಕೊಂಡು ಬರುತ್ತಿದ್ದಳು. ಮಗು ಗುಂಡುಕಲ್ಲಿನ ಹಾಗಿರುತ್ತಿತ್ತು. ತವರಿಗೆ ಬರಿಗೈಯಲ್ಲಿ ಬರಬಾರದೆಂದು ಚೀಲದಲ್ಲಿ ಹಿತ್ತಿಲಿನದು ಏನಾದರೂ ಇರುತ್ತಿತ್ತು: ಹೀರೇಕಾಯಿ, ಕೆಸುವಿನ ಗೆಡ್ಡೆ, ಒಂದು ಕುಂಬಳಕಾಯಿ. ಬಂದವಳೇ ಒಂದು ತಂಬಿಗೆ ನೀರು ಕುಡಿದು, "ಸ್ವಲ್ಪ ಅಡ್ಡಾಗ್ತೀನಿ ಕಣೆ" ಅನ್ನುವಳು. ಅಷ್ಟೇ ಮಾತು. ಮಗುವನ್ನು ತೋಳಿನ ಮೇಲೆ ಹಾಕಿಕೊಂಡು ಗೋಡೆ ಕಡೆ ತಿರುಗಿದರೆ ನಾಲ್ಕು ಗಂಟೆಯ ಬಸ್ಸಿಗೆ ನಾನೇ ಎಬ್ಬಿಸಬೇಕು.

ನನಗೆ ಅದು ಸಿಟ್ಟು ಬರಿಸುತ್ತಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಸಂತೆಯ ದಿನ ನಮ್ಮ ಸ್ಕೂಲು ಅರ್ಧ ದಿನ. ಓಡಿ ಬಂದು ಅನ್ನ ಸಾರು ಮಾಡಿ, ಹೇಳಲು ಇದ್ದದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಿರುತ್ತಿದ್ದೆ. ದೇಶದಲ್ಲಿ ತುರ್ತು ಪರಿಸ್ಥಿತಿ ಇತ್ತು. ಮಾತಾಡುವವರನ್ನು ಹಿಡಿದುಕೊಂಡು ಹೋಗುತ್ತಿದ್ದರು. ಉಳುವವರಿಗೆ ಭೂಮಿ ಸಿಗುವುದೆಂದು ಹಳ್ಳಿ ಹಳ್ಳಿಯಲ್ಲಿ ಅರ್ಜಿ ಹಾಕುತ್ತಿದ್ದರು. ಇದನ್ನೆಲ್ಲ ಅಕ್ಕನಿಗೆ ತಿಳಿಸಬೇಕು, ಅವಳ ಕಣ್ಣು ತೆರೆಸಬೇಕು ಎಂದು ನನ್ನ ಹಂಬಲ. ಅಕ್ಕ ನೋಡಿದರೆ ಇರುವ ಕಣ್ಣನ್ನೂ ಮುಚ್ಚಿಕೊಂಡು ಮಲಗುತ್ತಿದ್ದಳು.

ಆ ಸಂತೆಯ ದಿನ ಶಿಕಾರಿಪುರದ ತಗಡಿನ ಟಾಕೀಸಿನಲ್ಲಿ ಬರಬೇಕಿದ್ದ ಹೊಡೆದಾಟದ ಸಿನಿಮಾದ ಪೆಟ್ಟಿಗೆ ಬರಲಿಲ್ಲ. ಬದಲಿಗೆ ಬಂದದ್ದು ಕಪ್ಪು ಬಿಳುಪಿನ, ಹಾಡಿಲ್ಲದ ಒಂದು ಚಿತ್ರ. ಬೆಂಗಳೂರಿನಲ್ಲಿ ತಿಳಿದವರೆಲ್ಲ ಹೊಗಳಿದ್ದಾರೆಂದು ಕೇಳಿದ್ದೆ. ಒಂದು ಹಳ್ಳಿ ಮನೆ, ಒಬ್ಬ ತಾಯಿ, ಐದು ಮಕ್ಕಳು. ಅವಳಿಗೆ ದಣಿವು. ಅದೇ ಕತೆ. ಅಕ್ಕ ಬಂದು ನೀರಿನ ತಂಬಿಗೆ ಕೆಳಗಿಡುವ ಮೊದಲೇ ನಾನು ಹೇಳಿದೆ: "ಇವತ್ತು ಮಲಗೋದು ಬೇಡ. ಮ್ಯಾಟ್ನಿಗೆ ಹೋಗೋಣ, ಆರರ ಬಸ್ಸಿಗೆ ಹೋದ್ರಾಯ್ತು. ನಿನ್ನಂಥವಳದ್ದೇ ಸಿನಿಮಾ."

ಅಕ್ಕ ಚಾಪೆಯ ಕಡೆ ನೋಡಿದಳು. "ಮುಂದಿನ ಸಲ ಹೋದ್ರಾಗಲ್ವೇನೆ?"

"ನಿದ್ದೆ ಮಾಡೋಕೆ ಅಷ್ಟು ದೂರದಿಂದ ಬರ್ಬೇಕಾ?" ಅಂದುಬಿಟ್ಟೆ. ಅಕ್ಕ ಮಗುವನ್ನು ಎತ್ತಿಕೊಂಡಳು. ಅವತ್ತು ತಂದಿದ್ದ ಕುಂಬಳಕಾಯಿಯ ಚೀಲವನ್ನು ಕೆಳಗಿಡಲೂ ನಾನು ಪುರಸೊತ್ತು ಕೊಟ್ಟಿರಲಿಲ್ಲ. ಅದೂ ಜೊತೆಗೆ ಬಂತು. ಆಪಾ ಕೂಡ ತಮ್ಮ ಕೊನೆಯ ಮಗುವನ್ನು ಕಂಕುಳಿಗೆ ಏರಿಸಿಕೊಂಡು ಹೊರಟರು.

ನಮ್ಮ ಕಡೆ ಟಾಕೀಸಿನ ಹೆಂಗಸರ ವಿಭಾಗ ಹೇಗಿತ್ತೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಎದೆಯೆತ್ತರದ ಗೋಡೆಯ ಈಚೆಗೆ ನೆಲದ ಮೇಲೆ ಹೆಂಗಸರು, ಆಚೆಗೆ ಬೆಂಚಿನ ಮೇಲೆ ಗಂಡಸರು. ಈಚೆ ಒಂದು ಮಗು ಅತ್ತರೆ ಆಚೆಯಿಂದ "ಹೊರಗೆ ಕರಕಂಡು ಹೋಗ್ರಮ್ಮೋ" ಎಂದು ಕೂಗು. ತಾಯಿ ಎದ್ದು ಹೊರಗಿನ ಜಗಲಿಗೆ ಹೋಗಬೇಕು. ಮಗು ಸುಮ್ಮನಾದ ಮೇಲೆ ಬಂದು ಕೂತರೆ ಪಕ್ಕದವಳು ತಪ್ಪಿಹೋದ ಕತೆ ಹೇಳಬೇಕು. ಇದು ಬರೆಯದ ಕರಾರು. ಗುರುತಿರಲಿ ಬಿಡಲಿ, ಹಿಂದೂವೋ ಸಾಬರೋ, ಪಕ್ಕದಲ್ಲಿ ಕೂತವಳು ಹೇಳಲೇಬೇಕು. "ಅವ್ನು ಜೈಲಿಗೆ ಹೋದ, ಅವ್ಳಿಗೆ ಗೊತ್ತಿಲ್ಲ" ಎಂದು ಎರಡು ಮಾತಿನಲ್ಲಿ ಇಡೀ ರೀಲು ದಾಟಿಸುತ್ತಿದ್ದರು. ಆ ಊರಿನಲ್ಲಿ ಯಾವ ತಾಯಿಯೂ ಒಂದು ಸಿನಿಮಾವನ್ನು ಪೂರ್ತಿ ಕಣ್ಣಿನಿಂದ ನೋಡಿದ್ದಿಲ್ಲ. ಅರ್ಧ ಕಣ್ಣು, ಅರ್ಧ ಕಿವಿ.

ದೀಪ ಆರಿತು. ತೆರೆಯ ಮೇಲೆ ಒಬ್ಬ ಹೆಂಗಸು ಒಲೆ ಊದುತ್ತಿದ್ದಳು. ಆಪಾ ನನ್ನ ಅಕ್ಕನ ಮುಖ ನೋಡಿ, "ಕೊಡ್ರಿ ಇಲ್ಲಿ" ಎಂದು ಮಗುವನ್ನು ತಮ್ಮ ಮಡಿಲಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ ಅಕ್ಕ ನೆಲದ ಮೇಲೆ ಮುದುರಿ ಮಲಗಿದ್ದಳು. ಕುಂಬಳಕಾಯಿಯನ್ನು ಚೀಲದ ಸಮೇತ ಎದೆಗೆ ಅವುಚಿಕೊಂಡಿದ್ದಳು. ನಾನು ಅಲುಗಾಡಿಸಿದೆ. "ಹೂಂ, ನೋಡ್ತಿದೀನಿ" ಅಂದಳು, ಕಣ್ಣು ಮುಚ್ಚಿಕೊಂಡೇ.

ಸಿನಿಮಾದಲ್ಲಿ ಆ ತಾಯಿಗೆ ಹೆಸರೇ ಇರಲಿಲ್ಲ. ಅವ್ವಾ, ಏ ಇವಳೇ, ಅತ್ತಿಗೇ ಎಂದು ಕೂಗುತ್ತಿದ್ದರು. ಅವಳು ಕೂತಾಗಲೆಲ್ಲ ಯಾರಾದರೂ ಕರೆಯುತ್ತಿದ್ದರು. ಒಂದು ಕಡೆ ಅವಳು ಆಸ್ಪತ್ರೆಯ ಗೋಡೆಗೆ ಒರಗಿ ನಿಲ್ಲುತ್ತಾಳೆ, ಹಿಂದೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಆಮೇಲೆ ಒಂದು ಮಧ್ಯಾಹ್ನ ಮನೆಯ ಖಾಲಿ ಕಣಜದೊಳಗೆ ಇಳಿದು, ಮೇಲೆ ಮುಚ್ಚಳ ಎಳೆದುಕೊಂಡು ಮಲಗುತ್ತಾಳೆ. ಮಕ್ಕಳು, ಗಂಡ, ಅತ್ತೆ ಎಲ್ಲರೂ ಹುಡುಕುತ್ತಾರೆ. ಅವಳಿಗೆ ಕೇಳುತ್ತದೆ, ಓಗೊಡುವುದಿಲ್ಲ. ಅಲ್ಲಿ ಇಡೀ ಹೆಂಗಸರ ವಿಭಾಗ ಉಸಿರು ಬಿಗಿಹಿಡಿದಿತ್ತು.

ಸರಿಯಾಗಿ ಆಗಲೇ ಅಕ್ಕನ ಮಗು ಅಳಲು ಶುರುಮಾಡಿತು. ಗೋಡೆಯಾಚೆಯಿಂದ ಕೂಗು ಬಂತು. ಆಪಾ ತೆರೆಯಿಂದ ಕಣ್ಣು ಕೀಳದೆ ಮಗುವನ್ನು ನನ್ನ ಕೈಗೆ ಕೊಟ್ಟರು. ಅಕ್ಕನನ್ನು ಎಬ್ಬಿಸಲು ನೋಡಿದೆ, ಆಪಾ ನನ್ನ ಕೈ ಹಿಡಿದರು. ಹೊರಗಿನ ಜಗಲಿಯಲ್ಲಿ ಸೋಡಾ ಮಾರುವವನ ಪಕ್ಕ ಅಡ್ಡಾಡುತ್ತ, ಮಗುವನ್ನು ಕುಲುಕುತ್ತ, ಹಲ್ಲು ಕಡಿಯುತ್ತ ನಾನು ಮನಸ್ಸಿನಲ್ಲೇ ವಿಮರ್ಶೆ ಬರೆಯತೊಡಗಿದೆ. ಕೊನೆಯ ಎರಡು ರೀಲು ಹಾಗೆ ಹೋದವು. ದಾರಿಯಲ್ಲಿ ಆಪಾ, ಟಾಕೀಸಿನ ಕರಾರಿನಂತೆ, "ಕೊನೀಗೆ ಏನಾತು ಗೊತ್ತೇನ್ರಿ ಟೀಚರಮ್ಮ" ಎಂದು ಶುರುಮಾಡಿದರು. "ಬೇಡ ಆಪಾ, ನನಗೆ ಅರ್ಥ ಆಗಿದೆ" ಅಂದೆ. ಸ್ವಲ್ಪ ದೂರ ನಡೆದ ಮೇಲೆ ಆಪಾ ತಮ್ಮಷ್ಟಕ್ಕೆ ಎಂಬಂತೆ ಹೇಳಿದರು: "ಆಕಿ ನಮ್ಮಾಕಿನೋ ನಿಮ್ಮಾಕಿನೋ ಗೊತ್ತಾಗ್ಲೇ ಇಲ್ಲ ನೋಡ್ರಿ. ಆದ್ರ ಸೊಂಟ ಹಿಡ್ಕೊಂಡು ಏಳೋದು ಮಾತ್ರ ಥೇಟ್ ನಂದೇ."

ಆ ಮಾತನ್ನು ಅವತ್ತು ಬರೆದುಕೊಂಡಿದ್ದರೆ ಸಾಕಿತ್ತು, ವಿಮರ್ಶೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಬರೆದದ್ದು ಬೇರೆ. ಈ ತಾಯಿ ಯಾರು? ಯಾವ ಜಾತಿ? ಅವಳು ಬೀಸುವ ರಾಗಿ ಯಾರ ಹೊಲದ್ದು, ಗೇಣಿ ಯಾರಿಗೆ ಹೋಗುತ್ತದೆ? ಹೆಸರು ಕೊಡದೆ, ಕುಲ ಹೇಳದೆ ಒಬ್ಬ ಹೆಂಗಸನ್ನು ಎಲ್ಲ ಹೆಂಗಸರ ಪರವಾಗಿ ನಿಲ್ಲಿಸುವುದು ಮೋಸವಲ್ಲವೇ? ದಣಿವನ್ನು ಹಣೆಬರಹದಂತೆ ತೋರಿಸಿದರೆ ಅದರಿಂದ ಲಾಭ ಯಾರಿಗೆ? ಜನರನ್ನು ಹಿಡಿದು ಆಪರೇಶನ್ ಮಾಡಿಸುತ್ತಿರುವ ಕಾಲದಲ್ಲಿ ಆ ಕೆಂಪು ತ್ರಿಕೋನವನ್ನು ತೋರಿಸಿದ್ದು ಸರ್ಕಾರದ ತುತ್ತೂರಿ ಊದಿದಂತಲ್ಲವೇ? ಹೀಗೆ ಏಳು ಪುಟ. ಮೊದಲ ಪುಟದಲ್ಲಿ ಓದುಗರನ್ನು ಸೆಳೆಯಲು ಒಂದು ತಮಾಷೆಯ ಪೀಠಿಕೆ: ಸಂತೆಯ ದಿನ ಸೊರಬದ ಕಡೆಯಿಂದ ಬಂದ ಒಬ್ಬ ತಾಯಿ ಮಗುವನ್ನು ಪಕ್ಕದವರಿಗೆ ಕೊಟ್ಟು, ಕುಂಬಳಕಾಯಿ ತಬ್ಬಿಕೊಂಡು, ತನ್ನದೇ ಕತೆ ತೆರೆಯ ಮೇಲೆ ನಡೆಯುತ್ತಿದ್ದರೂ ಗೊರಕೆ ಹೊಡೆದಳು, ನಮ್ಮ ಹೆಂಗಸರು ಏಳುವುದು ಯಾವಾಗ? ಗೊರಕೆ ಸುಳ್ಳು. ಅಕ್ಕ ಗೊರಕೆ ಹೊಡೆಯುವವಳಲ್ಲ. ಬರವಣಿಗೆಗೆ ಕಳೆ ಬರಲೆಂದು ಸೇರಿಸಿದೆ. ಎಂಟನೇ ಪುಟದ ಕೊನೆಯಲ್ಲಿ, ತಾಯಿ ಕಣಜದಿಂದ ಎದ್ದು ಬಂದು ಮನೆಯವರನ್ನು ಎದುರಿಸಿ ನಿಲ್ಲುವ ಅಂತ್ಯ ಕೃತಕವಾಗಿದೆ ಎಂದೂ ಬರೆದಿದ್ದೆ. ಅಂಥ ಅಂತ್ಯ ಇತ್ತೋ ಇಲ್ಲವೋ ದೇವರೇ ಬಲ್ಲ.

ಊರಿನಲ್ಲಿ ಒಂದು ವಾರಪತ್ರಿಕೆ ಇತ್ತು. ಲಗ್ನಪತ್ರಿಕೆ ಅಚ್ಚು ಮಾಡುವ ಪ್ರೆಸ್ಸಿನ ಯಜಮಾನರೇ ಸಂಪಾದಕರು. ಹಸ್ತಪ್ರತಿ ಓದುತ್ತ ಓದುತ್ತ ಅವರ ಮುಖ ಬೆವರಿತು. "ಟೀಚರ್, ಕಾಲ ಸರಿಯಿಲ್ರಿ. ನನಗೂ ಹೆಂಡ್ರು ಮಕ್ಕಳವ್ರೆ" ಎಂದು ಕೆಂಪು ಪೆನ್ಸಿಲ್ ತೆಗೆದುಕೊಂಡರು. ಭೂಮಿ ಹೋಯಿತು, ಗೇಣಿ ಹೋಯಿತು, ತ್ರಿಕೋನ ಹೋಯಿತು, ಜಾತಿ ಹೋಯಿತು. ಏಳು ಪುಟಕ್ಕೆ ಗೀಟು ಬಿತ್ತು. ಪೀಠಿಕೆಯಲ್ಲಿ ಯಾವ ಅಪಾಯವೂ ಅವರಿಗೆ ಕಾಣಲಿಲ್ಲ. ಅದನ್ನಷ್ಟೇ, ನನ್ನ ಹೆಸರಿಲ್ಲದೆ, 'ಟಾಕೀಸಿನಲ್ಲಿ ಕುಂಬಳಕಾಯಿ ನಿದ್ದೆ' ಎಂಬ ತಲೆಬರಹ ಕೊಟ್ಟು ಅಚ್ಚು ಹಾಕಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ವಾಕ್ ಸ್ವಾತಂತ್ರ್ಯದ ಕೊಲೆ ಎಂದು ಸ್ಟಾಫ್ ರೂಮಿನಲ್ಲಿ ಪಿಸುದನಿಯಲ್ಲಿ ಗುಡುಗಿದೆ. ಹೋದ ಏಳು ಪುಟಗಳಿಗೆ ಅತ್ತೆ. ಉಳಿದ ಒಂದು ಪುಟದಲ್ಲಿ ಏನಿದೆ ಎಂದು ಯೋಚಿಸಲೇ ಇಲ್ಲ.

ಮುಂದಿನ ತಿಂಗಳ ಸಂತೆಗೆ ಅಕ್ಕ ಬರಲಿಲ್ಲ. ಸುಗ್ಗಿ ಕೆಲಸ ಇರಬಹುದು ಅಂದುಕೊಂಡೆ. ಅದರ ಮುಂದಿನ ತಿಂಗಳೂ ಬರಲಿಲ್ಲ. ಆಪಾ ಬಾಗಿಲಲ್ಲಿ ನಿಂತು ಬಸ್ ಸ್ಟ್ಯಾಂಡಿನ ದಿಕ್ಕು ನೋಡಿ, "ಅಕ್ಕಾರು ಯಾಕ್ರಿ ಬರ್ಲಿಲ್ಲ?" ಎಂದು ಕೇಳಿದರು. ಕೊನೆಗೆ ಬಂದವರು ಭಾವ. ಎತ್ತಿನ ಹಗ್ಗ, ಮೂಗುದಾರ ಕೊಳ್ಳಲು ಸಂತೆಗೆ ಬಂದವರು ನನ್ನ ರೂಮಿನ ಜಗಲಿಯ ಮೇಲೆ ಕೂತರು, ಕೊಟ್ಟ ಕಾಫಿ ಕುಡಿದರು. ಭಾವ ಜೋರು ಮಾತಿನ ಮನುಷ್ಯರಲ್ಲ. ಲೋಟ ಕೆಳಗಿಟ್ಟು ಹೇಳಿದರು.

"ಪೇಪರು ನಮ್ಮೂರ ಹೋಟ್ಲಿಗೂ ಬರ್ತದೆ ಕಣವ್ವ. ಒಬ್ರು ಓದಿದ್ರು, ಎಲ್ರೂ ನಕ್ರು. ಸೊರಬದ ಕಡೆಯೋಳು, ಕುಂಬ್ಳಕಾಯಿ, ಸಂತೆ ದಿನ ಅಂದ್ಮೇಲೆ ತಿಳಿಯಲ್ವಾ. ಮಗೂನ ಡಾಕ್ಟ್ರಿಗೆ ತೋರ್ಸಕ್ಕೆ ಅಂತ ಹೋಗಿ ಟಾಕೀಸಲ್ಲಿ ಮಲಗಿದ್ಲಾ ಅಂತ ನಮ್ಮವ್ವ ಕೇಳಿದ್ರು. ಇನ್ಮೇಲೆ ಶಿಕಾರಿಪುರ ಬೇಡ ಅಂದ್ಬಿಟ್ರು."

"ನಾನು ಅಕ್ಕನ ಹೆಸರು ಹಾಕಿಲ್ಲ ಭಾವ."

"ಹೌದವ್ವ, ಹಾಕಿಲ್ಲ. ಈಗ ಊರಲ್ಲಿ ಅವ್ಳನ್ನ ಕುಂಬ್ಳಕಾಯಿ ಅಂತಾರೆ."

ಭಾವ ಎದ್ದು ಹೋದ ಮೇಲೆ ನಾನು ಬಾಗಿಲು ಹಾಕಿಕೊಂಡು ಅತ್ತೆ. ಸಿನಿಮಾದವರು ತಾಯಿಗೆ ಹೆಸರು ಕೊಟ್ಟಿಲ್ಲ ಎಂದು ಹಾರಾಡಿದ್ದೆ. ನನ್ನ ಅಕ್ಕನಿಗೆ ಇದ್ದ ಚೆಂದದ ಹೆಸರನ್ನು ನಾನೇ ಅಳಿಸಿ ಬಂದಿದ್ದೆ. ಅದಕ್ಕಿಂತ ದೊಡ್ಡದು, ತಿಂಗಳಿಗೊಂದು ಮಧ್ಯಾಹ್ನ ಅವಳದ್ದು ಅಂತ ಇತ್ತು, ಅದನ್ನೂ ಕಿತ್ತುಕೊಂಡಿದ್ದೆ. ಹೊಲ ಯಾರದ್ದು ಎಂದು ಏಳು ಪುಟ ಕೇಳಿದವಳಿಗೆ ಮಧ್ಯಾಹ್ನ ಯಾರದ್ದು ಎಂದು ಕೇಳಬೇಕೆಂದು ಹೊಳೆದಿರಲಿಲ್ಲ. ಆಪಾ ಒಳಬಾಗಿಲಿನಿಂದ ಬಂದು ಪಕ್ಕದಲ್ಲಿ ಕೂತರು. ಆ ಸಿನಿಮಾದ ಕೊನೆಯನ್ನಾದರೂ ಈಗ ಹೇಳಿ ಆಪಾ ಅಂದೆ. "ಅವತ್ತು ಹೇಳಾಕ ಬಂದ್ರ ಬ್ಯಾಡ ಅಂದ್ರಿ. ಈಗ ಎಲ್ಲಿ ನೆನಪೈತ್ರಿ ನನಗ?" ಎಂದು ನನ್ನ ಬೆನ್ನು ಸವರಿದರು. ಆಮೇಲೆ ಹೇಳಿದರು: "ಹೋಗ್ರಿ, ಅಕ್ಕಾರ ಊರಿಗೆ. ಖಾಲಿ ಕೈಲಿ ಹೋಗಬ್ಯಾಡ್ರಿ. ತವರಿಂದ ಮಡಿಲಕ್ಕಿ ತಗೊಂಡು ಹೋಗ್ರಿ."

ಮಡಿಲಕ್ಕಿ ಅಂದರೆ ತವರಿನ ಹೆಣ್ಣಿಗೆ ಸೆರಗಿನಲ್ಲಿ ತುಂಬುವ ಅಕ್ಕಿ, ಕೊಬ್ಬರಿ, ಬೆಲ್ಲ, ಒಂದು ಕುಪ್ಪಸದ ಕಣ. ಅದು ಹೆಣ್ಣನ್ನು ಸಮಾಧಾನಪಡಿಸಿ ದುಡಿಸುವ ಪದ್ಧತಿ ಎಂದು ನಾನು ಭಾಷಣ ಮಾಡಿದ್ದವಳು; ಅಕ್ಕ ಬಂದಾಗ ಒಂದು ಸಲವೂ ಕೊಟ್ಟಿರಲಿಲ್ಲ. ಮುಂದಿನ ಭಾನುವಾರ ಎಲ್ಲ ಕಟ್ಟಿಕೊಂಡು ಸೊರಬದ ಬಸ್ಸು ಹತ್ತಿದೆ. ಸೊರಬದಲ್ಲಿ ಇಳಿದು ಕುಪ್ಪಗಡ್ಡೆಯ ಬಸ್ಸಿಗೆ ಕಾಯುವಾಗ ಗೋಡೆಯ ಮೇಲೆ ಪೋಸ್ಟರ್ ಕಂಡಿತು. ಅದೇ ಸಿನಿಮಾ, ಅಲ್ಲಿನ ಸಂತೆಯ ದಿನ ಮ್ಯಾಟ್ನಿ.

ಅಕ್ಕ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ನನ್ನನ್ನು ನೋಡಿ ಮುಖ ಅರಳಿತು, ಹಾಗೇ ಬಾಡಿತು. "ಬಾ, ಕೈ ತೊಳ್ಕಂಡು ಬರ್ತೀನಿ" ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಜಗಲಿಯ ಮೇಲೆ ಅವಳ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ನಾನು ಎದುರಿಗೆ ಕೂತು ಒಂದು ಹಿಡಿ ಕಾಯಿ ಎಳೆದುಕೊಂಡೆ. ಅವರು ನನ್ನ ಮುಖ ನೋಡದೆ, "ಪೇಪರಲ್ಲಿ ನಮ್ಮನೆ ಕುಂಬ್ಳಕಾಯಿ ಬಂದಿತ್ತಂತೆ. ಈ ಅವರೆಕಾಯೂ ಬರ್ತದಾ ಹೆಂಗೆ?" ಅಂದರು.

"ತಪ್ಪು ನಂದು ಅತ್ತೆ. ಅಕ್ಕ ಮಲಗ್ತೀನಿ ಅಂದ್ಲು. ನಾನೇ ಎಳ್ಕೊಂಡು ಹೋದೆ."

"ಅಂಥಾದ್ದೇನಿತ್ತು ಆ ಸಿನಿಮಾದಲ್ಲಿ?"

ಕಾಯಿ ಸುಲಿಯುತ್ತ ಕತೆ ಹೇಳಿದೆ. ಮೊದಲ ಬಾರಿಗೆ, ಪಕ್ಕದವಳಿಗೆ ದಾಟಿಸುವ ಹೆಂಗಸರ ಹಾಗೆ, ಏನಾಯಿತೋ ಅಷ್ಟನ್ನೇ ಹೇಳಿದೆ. ಅಕ್ಕ ಬಾಗಿಲಿಗೆ ಒರಗಿ, ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಕೇಳಿಸಿಕೊಳ್ಳುತ್ತಿದ್ದಳು. ಕಣಜದೊಳಗೆ ಇಳಿದು ಮಲಗಿದಳು ಎಂಬಲ್ಲಿಗೆ ಬಂದಾಗ ಅತ್ತೆಯ ಕೈ ನಿಂತಿತು.

"ಕಣಜದಲ್ಲಾ?" ಅಂದರು. "ನಾನು ಹುಲ್ಲಿನ ಬಣವೆ ಸಂದೀಲಿ ಮಲಗ್ತಿದ್ದೆ. ನಮ್ಮತ್ತೆ ಹುಡುಕ್ಕಂಡು ಬಂದು ಕುಡುಗೋಲು ಕೈಗೆ ಕೊಡ್ತಿದ್ಲು. ಒಂಬತ್ತು ಹೆತ್ತೆ, ಐದು ಉಳುದ್ವು. ಬಾಣಂತಿ ಆದಾಗ ಮಲಗಿದ್ದೇ ಮಲಗಿದ್ದು." ಮತ್ತೆ ಕಾಯಿ ಕೈಗೆತ್ತಿಕೊಂಡು ಕೇಳಿದರು: "ಆಮೇಲೆ? ಅವ್ಳಿಗೆ ನಿದ್ದೆ ಬಂತಾ? ಹಿಡಿದ್ರಾ?"

"ಗೊತ್ತಿಲ್ಲ ಅತ್ತೆ. ಮಗು ಅಳ್ತು, ನಾನು ಹೊರಗೆ ಹೋದೆ."

"ಗೊತ್ತಿಲ್ದೆ ಪೇಪರಿಗೆ ಬರ್ದೇನೆ?"

ಬಾಗಿಲಲ್ಲಿ ನಿಂತಿದ್ದ ಅಕ್ಕ ಫಕ್ಕನೆ ನಕ್ಕಳು. ಭಾವ ಬಂದು ಹೋದಾಗಿನಿಂದ ನನ್ನ ಎದೆಯ ಮೇಲೆ ಕೂತಿದ್ದ ಕಲ್ಲು ಆ ನಗುವಿಗೆ ಸ್ವಲ್ಪ ಸರಿಯಿತು. ಅತ್ತೆಯೂ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಆ ಧೈರ್ಯದಲ್ಲೇ ನಾನು ಸೊರಬದ ಪೋಸ್ಟರಿನ ವಿಷಯ ಹೇಳಿದೆ. ನೀವಿಬ್ಬರೂ ಹೋಗಿ ನೋಡಿ, ನಾನು ರಜೆ ಹಾಕಿ ಬಂದು ಮಗುವನ್ನು ಹೊರಗೆ ಎತ್ತಿಕೊಂಡಿರುತ್ತೇನೆ ಅಂದೆ. ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆದರೆ ಸಂತೆಯ ದಿನ ನಾನು ಸೊರಬದಲ್ಲಿ ಇಳಿಯುವಾಗ ಇಬ್ಬರೂ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ಅತ್ತೆ ಮದುವೆಮನೆಗೆ ಉಡುವ ಸೀರೆ ಉಟ್ಟಿದ್ದರು.

ಎರಡೂವರೆಯಿಂದ ಐದೂಕಾಲಿನವರೆಗೆ ಆ ಮಗುವನ್ನು ನಾನು ಒಬ್ಬಳೇ ನೋಡಿಕೊಂಡೆ. ಮಗುವಿಗೆ ಆಗ ವರ್ಷ ತುಂಬುತ್ತಾ ಬಂದಿತ್ತು, ಹಿಡಿದುಕೊಂಡು ನಡೆಯುವ ವಯಸ್ಸು. ಇಳಿಸಿದರೆ ಮಣ್ಣು ತಿನ್ನುತ್ತಿತ್ತು, ಎತ್ತಿಕೊಂಡರೆ ಕೂದಲು ಎಳೆಯುತ್ತಿತ್ತು. ಬಿಸ್ಕತ್ತು ಕೊಟ್ಟರೆ ನನ್ನ ಸೀರೆಗೆ ಒರೆಸಿತು. ಎರಡು ಸಲ ಸೀರೆ ಒದ್ದೆ ಮಾಡಿತು. ಬಸ್ಸು ತೋರಿಸಿದೆ, ಎತ್ತು ತೋರಿಸಿದೆ, ಗುಡವಿಯ ಕೆರೆಯ ಕಡೆ ಹಾರಿಹೋಗುವ ಬಿಳಿ ಹಕ್ಕಿಗಳನ್ನು ತೋರಿಸಿದೆ. ಅದಕ್ಕೆ ಅವ್ವನೇ ಬೇಕು. ಒಂದು ಹೊತ್ತಿಗೆ ನನಗೂ ಅಳು ಬಂತು. ನಲವತ್ತು ಹುಡುಗರ ಕ್ಲಾಸನ್ನು ಒಂದು ನೋಟದಲ್ಲಿ ಸುಮ್ಮನಾಗಿಸುವ ಟೀಚರು ನಾನು.

ಸಿನಿಮಾ ಬಿಟ್ಟಿತು. ಜನ ಹೊರಗೆ ಬಂದರು, ಸೊರಬದ ಸಂತೆಯೊಳಗೆ ಕರಗಿದರು. ಇವರಿಬ್ಬರು ಮಾತ್ರ ಬರಲಿಲ್ಲ. ನಾನು ಕಪ್ಪು ಪರದೆ ಸರಿಸಿ ಒಳಗೆ ಇಣುಕಿದೆ. ಖಾಲಿ ಹೆಂಗಸರ ವಿಭಾಗದಲ್ಲಿ, ಕಡಲೆಕಾಯಿ ಸಿಪ್ಪೆಯ ನಡುವೆ ಅಕ್ಕ ಕಾಲು ಚಾಚಿ ಕೂತಿದ್ದಳು. ಅವಳ ತೊಡೆಯ ಮೇಲೆ ಅತ್ತೆ ತಲೆ ಇಟ್ಟು ಮಲಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಮದುವೆಮನೆ ಸೀರೆಯ ಸೆರಗನ್ನು ಅಕ್ಕ ಅವರ ಭುಜಕ್ಕೆ ಹೊದಿಸಿದ್ದಳು. ಪೊರಕೆ ಹಿಡಿದು ಬಂದವನಿಗೆ, "ಸ್ವಲ್ಪ ಇರ್ರಿ ಅಣ್ಣ, ಈಗ ಕಣ್ಣು ಹತ್ತಿದೆ" ಎಂದು ಕೈಮುಗಿದಳು. ಅವನು ಗಂಡಸರ ಕಡೆಯಿಂದ ಗುಡಿಸಲು ಶುರುಮಾಡಿದ.

"ಕೊನೆಗೆ ಏನಾಯ್ತು ಅಕ್ಕ?" ಎಂದು ಪಿಸುಗುಟ್ಟಿದೆ.

"ಎಲ್ಲಿ ನೋಡ್ದೆ? ಇವ್ರ ಮುಖಾನೇ ನೋಡ್ತಾ ಕೂತಿದ್ದೆ" ಅಂದಳು ಅಕ್ಕ. ಅವಳ ಕಣ್ಣು ತುಂಬಿತ್ತು. "ಹನ್ನೊಂದು ವರ್ಷ ಆತು ಕಣೆ ಆ ಮನೆಗೆ ಹೋಗಿ. ನಾನು ಮಲಗಿದ್ಮೇಲೆ ಮಲಗ್ತಾರೆ, ಏಳೋಕೆ ಮುಂಚೆ ಎದ್ದಿರ್ತಾರೆ. ಅವ್ರು ನಿದ್ದೆ ಮಾಡಿದ್ದು ನಾನು ಒಂದು ದಿನಾನೂ ನೋಡಿರ್ಲಿಲ್ಲ."

ಮಗು ಅವ್ವನನ್ನು ಕಂಡು ಕಿರುಚಿತು. ಅತ್ತೆ ದಡಬಡಿಸಿ ಎದ್ದು ಕೂತರು. "ನಾನೇನು ಮಲಗಿರ್ಲಿಲ್ಲ. ಆ ಹೆಂಗಸಿನ ಪಾಡು ನೋಡಕ್ಕಾಗ್ದೆ ಕಣ್ಣು ಮುಚ್ಚಿದ್ದೆ ಅಷ್ಟೇ" ಅಂದರು. ನಾವಿಬ್ಬರೂ ಹೌದು ಹೌದು ಅಂದೆವು. ಬಸ್ ಸ್ಟ್ಯಾಂಡಿನಲ್ಲಿ ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಕೆದರಿದ ಕೂದಲು, ಒದ್ದೆ ಸೀರೆ, ಮೈಯೆಲ್ಲ ಬಿಸ್ಕತ್ತು. "ಒಂದು ಸಿನಿಮಾ ಹೊತ್ತಿಗೆ ಹಿಂಗಾದೆಯಲ್ಲೇ" ಎಂದು ನಕ್ಕರು. ಕುಪ್ಪಗಡ್ಡೆಯ ಬಸ್ಸು ಬಂತು. ಹತ್ತುವ ಮೊದಲು ನನ್ನ ಕಡೆ ನೋಡದೆ, ಸೊಸೆಯ ಕಡೆಯೂ ನೋಡದೆ, ಬಸ್ಸಿನ ಮೆಟ್ಟಿಲಿಗೇ ಹೇಳುವ ಹಾಗೆ ಹೇಳಿದರು: "ಬರೋ ಸಂತೆಗೆ ಶಿಕಾರಿಪುರಕ್ಕೆ ಹೋಗ್ಲಿ ಇವ್ಳು. ಡಾಕ್ಟ್ರು ಗೀಕ್ಟ್ರು ಏನೂ ಬೇಡ. ಮಗೂನ ನಾನು ನೋಡ್ಕಂತೀನಿ."

ಹಾಗೆ ಅಕ್ಕ, ಮದುವೆಯಾದ ಮೇಲೆ ಮೊದಲ ಸಲ, ಒಬ್ಬಳೇ ಬಂದಳು. ಕೈಯಲ್ಲಿ ಚೀಲ ಮಾತ್ರ. ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ಆಪಾ ಅವಳಿಗೆ ಚಾಪೆ ಹಾಸಿಕೊಟ್ಟು, ತಮ್ಮ ಆರು ಮಕ್ಕಳನ್ನೂ ಬೀದಿಗೆ ಓಡಿಸಿ, ಬಾಗಿಲು ಮುಂದೆ ಮಾಡಿದ್ದರು. ಕಲಾಯಿಯ ಬೆಂಕಿ ಊದುವ ತಿದಿಯೂ ಅವತ್ತು ಮಧ್ಯಾಹ್ನ ಸುಮ್ಮನಿತ್ತು.

ಅಕ್ಕ ಮಲಗಿದಳು. ನಾನು ಮೂಲೆಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅವಳು ಬಲಕ್ಕೆ ಹೊರಳಿದಳು, ಎಡಕ್ಕೆ ಹೊರಳಿದಳು. ಎದ್ದು ನೀರು ಕುಡಿದಳು. ಮತ್ತೆ ಮಲಗಿದಳು. ಮಗುವಿಲ್ಲದ ತೋಳನ್ನು ಎಲ್ಲಿ ಇಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ತಲೆಯ ಕೆಳಗೆ ಇಟ್ಟಳು, ಎದೆಯ ಮೇಲೆ ಇಟ್ಟಳು, ಚಾಪೆಯ ಮೇಲೆ ಚಾಚಿದಳು. "ನಿದ್ದೇನೇ ಬರ್ತಾ ಇಲ್ಲ ಕಣೆ" ಅಂದಳು. ಅವಳ ದನಿಯಲ್ಲಿ ಗಾಬರಿ ಇತ್ತು, ಸಿಕ್ಕಿದ ಮಧ್ಯಾಹ್ನ ಹಾಗೇ ಹೋಗಿಬಿಡುತ್ತದೆಂದು.

ಆಗ ನನಗೆ ಟಾಕೀಸಿನ ನೆಲ ನೆನಪಾಯಿತು. ನನ್ನ ಬರಹ ನಗಾಡಿದ್ದು ಏನನ್ನು ಎಂದು ತಿಳಿಯಿತು. ಎದ್ದು ಹೋಗಿ ಅವಳ ಚೀಲ ಬಿಚ್ಚಿದೆ. ಈ ಸಲವೂ ಕುಂಬಳಕಾಯಿಯೇ ಇತ್ತು. ನನ್ನ ಹಳೆಯ ಸೀರೆಯೊಂದರಲ್ಲಿ ಅದನ್ನು ಸುತ್ತಿ ತಂದು ಅವಳ ತೋಳಿನ ಒಳಗೆ ಮೆಲ್ಲನೆ ಇಟ್ಟೆ. ಅಕ್ಕ ಕಣ್ಣು ಬಿಟ್ಟು ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಇದ್ನೂ ಬರೀತೀಯಾ?" ಅಂದಳು.

"ಇಲ್ಲ ಅಕ್ಕ. ನೀನು ಮಲಗು."

ತೋಳು ಬಿಗಿಯಾಯಿತು. ಒಂದೆರಡು ಉಸಿರಿನಲ್ಲಿ ಅಕ್ಕ ನಿದ್ದೆಹೋದಳು. ನಾಲ್ಕು ಗಂಟೆಯ ಬಸ್ಸಿನ ಹಾರ್ನ್ ಕೇಳಿತು. ಐದರದ್ದೂ ಕೇಳಿತು. ನಾನು ಎಬ್ಬಿಸಲಿಲ್ಲ.